ದಿಲ್ಬರ್ ದಿಲ್ಲಪ್ಪನಾದದ್ದು

ನಮ್ಮ ಮನೆಗೆ ಗಿಳಿ ಬಂದ ಮುಂಜಾನೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಸುರಪುರದ ಗುಡ್ಡದ ಬುಡದ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ನಡುವೆ ಜೋಳದ ಚೀಲ ಒಟ್ಟಿದ ಕತ್ತಲು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಕುರಿ ಕಟ್ಟುವ ಹಿತ್ತಲು. ಅಡುಗೆಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ನೀರಿನ ಹಂಡೆಯನ್ನು ಮುಟ್ಟಿತೆಂದರೆ ಅಪ್ಪ ಶಾಲೆಗೆ ಹೊರಡುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ಆಯಿ, ಅಂದರೆ ಅಪ್ಪನ ತಾಯಿ, ಒಂದು ತಂತಿಯ ಪಂಜರವನ್ನು ಆಗ ತಾನೇ ಹುಟ್ಟಿದ ಕುರಿಮರಿಯನ್ನು ತರುವಂತೆ ಎದೆಗೆ ಅವುಚಿಕೊಂಡು ಒಳಗೆ ಬಂದಳು. ಅದರಲ್ಲೊಂದು ಹಸಿರು ಗಿಳಿ ಮೈ ಸಣ್ಣದು ಮಾಡಿಕೊಂಡು ಕುಳಿತಿತ್ತು. ಅವ್ವ ಒಮ್ಮೆ ಆಯಿಯನ್ನು ನೋಡಿದಳು, ಒಮ್ಮೆ ಪಂಜರವನ್ನು ನೋಡಿದಳು, ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು ಮತ್ತೆ ಬಡಿಯತೊಡಗಿದಳು. ಆ ಸದ್ದಿಗೆ ಗಿಳಿ ಎಗರಿ ಮೂಲೆಗೆ ಬಿದ್ದು, ರೆಕ್ಕೆ ಬಡಿದು, ಬಟ್ಟಲಿನ ನೀರನ್ನೆಲ್ಲ ಆಯಿಯ ಸೀರೆಯ ಮೇಲೆ ಚೆಲ್ಲಿತು.

ಗಿಳಿ ಪಕ್ಕದ ಮನೆಯ ಬೀಬಿಯದು. ಬೀಬಿಯ ಗಂಡ ತಹಸೀಲ ಕಚೇರಿಯಲ್ಲಿ ಉರ್ದು ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದ. ನಿಜಾಮರ ಆಳಿಕೆ ಹೋಗಿ ಹೊಸ ಸರಕಾರ ಬಂದ ಮೇಲೆ ಕಚೇರಿಯಲ್ಲಿ ಒಂದೊಂದೇ ಕುರ್ಚಿ ಬದಲಾಗುತ್ತ ಬಂತು. ಅವನ ಕುರ್ಚಿಯೂ ಹೋಯಿತು. ಹೈದರಾಬಾದಿನಲ್ಲಿದ್ದ ಅಣ್ಣನ ಮನೆಗೆ ಹೋಗಿಬಿಡೋಣ ಎಂದು ಬೀಬಿ ನಿರ್ಧರಿಸಿದಳು. ಆಯಿಗೂ ಬೀಬಿಗೂ ಹಿತ್ತಲ ಗೋಡೆಯ ಮೇಲಿನ ಗೆಳೆತನ. ಇವಳ ಮಜ್ಜಿಗೆ ಅತ್ತ, ಅವಳ ಉಪ್ಪಿನಕಾಯಿ ಇತ್ತ. ಇಬ್ಬರೂ ಒಬ್ಬರ ಮೊಣಕಾಲು ನೋವನ್ನು ಇನ್ನೊಬ್ಬರು ವಿಚಾರಿಸದೆ ದಿನ ಮುಗಿಸಿದವರಲ್ಲ. ಹೊರಡುವ ದಿನ ಬೀಬಿ ನಮ್ಮ ಹೊಸ್ತಿಲ ತನಕ ಬಂದಳು, ಒಳಗೆ ಬರಲಿಲ್ಲ. ಬಂದರೆ ಅತ್ತುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತೋ ಏನೋ. ರೈಲಿನ ಸದ್ದಿಗೆ ಇದರ ಎದೆ ಒಡೆಯುತ್ತದೆ, ನಿಮ್ಮಲ್ಲೇ ಇರಲಿ ಎಂದಳು. ಗಿಳಿಯ ಹೆಸರು ದಿಲ್ಬರ್, ಹಸಿಮೆಣಸಿನಕಾಯಿ ಎಂದರೆ ಪ್ರಾಣ, ತನ್ನ ಕೈ ಬಿಟ್ಟು ಯಾರ ಕೈಯಿಂದಲೂ ತಿಂದದ್ದಿಲ್ಲ ಎಂದೆಲ್ಲ ಹೇಳಿ, ಕೊನೆಗೆ ಆಯಿಯ ಕೈ ಹಿಡಿದಳು.

“ಹೆದರೇನಿ ಅಂತ ಅದು ಬಾಯಿಲೆ ಹೇಳಂಗಿಲ್ಲ ಅಕ್ಕಾ. ಕಣ್ಣು ನೋಡಿ ತಿಳ್ಕೊ. ಹೆದರಿದಾಗ ಕೈ ಹಾಕಬ್ಯಾಡ.”

ಆಯಿ ಆಗಲಿ ಎಂದು ತಲೆಯಾಡಿಸಿದಳು. ಬೀಬಿಯ ಗಾಡಿ ಓಣಿ ತಿರುಗುವವರೆಗೂ ನಿಂತಿದ್ದು ಒಳಗೆ ಬಂದಳು. ಅವಳ ನಾಲಗೆಗೆ ದಿಲ್ಬರ್ ಎಂಬ ಹೆಸರು ಒಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ದಿಲಬರ ಆಯಿತು, ಸಂಜೆಗೆ ದಿಲ್ಲಪ್ಪ. ನಮ್ಮ ಬಳಗದಲ್ಲಿ ಬೀರಪ್ಪ, ನಿಂಗಪ್ಪ, ಮಾಳಪ್ಪ ಎಲ್ಲ ಇದ್ದರು. ದಿಲ್ಲಪ್ಪನೂ ಅವರ ಪಂಕ್ತಿಯಲ್ಲಿ ಸೇರಿಕೊಂಡ.

ಹೆಸರು ಸೇರಿಕೊಂಡಿತೇ ಹೊರತು ಗಿಳಿ ಸೇರಿಕೊಳ್ಳಲಿಲ್ಲ. ಅದು ತಿನ್ನಲಿಲ್ಲ, ಮಾತಾಡಲಿಲ್ಲ. ಬೀಬಿಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೋಡೆಯಾಚೆಯಿಂದ ಕೇಳುತ್ತಿದ್ದ ಅದರ ಹರಟೆ ನಮ್ಮ ಮನೆಗೆ ಬಂದದ್ದೇ ಬತ್ತಿಹೋಯಿತು. ಮೊದಲು ಪಂಜರವನ್ನು ಪಡಸಾಲೆಯ ತೊಲೆಗೆ ತೂಗುಹಾಕಿದೆವು. ಓಣಿಯಲ್ಲಿ ಹೋಗುವವರೆಲ್ಲ ಇಣುಕಿ “ಏ ರಾಮರಾಮ ಅನ್ನು” ಎಂದು ಕೋಲಿನಿಂದ ತಿವಿಯುತ್ತಿದ್ದರು. ಕತ್ತಲು ಕೋಣೆಯಲ್ಲಿಟ್ಟೆವು, ಅಲ್ಲಿ ಇಲಿಗಳು ಓಡಾಡಿದರೆ ಸಾಕು, ಕಿರುಚುತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕ, ಬೆಳಕಿರುವ, ಮೂರು ಕಡೆ ಗೋಡೆಯಿರುವ ಗೂಡಿನಲ್ಲಿಟ್ಟಾಗ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆದರೆ ಅಲ್ಲಿ ಅವ್ವನ ರೊಟ್ಟಿಯ ಸದ್ದು. ಬೀಬಿಯ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು, ರೊಟ್ಟಿ ಬಡಿಯುತ್ತಿರಲಿಲ್ಲ. ನಮ್ಮಲ್ಲಿ ದಿನಕ್ಕೆರಡು ಹೊತ್ತು ಪಟಪಟಪಟ ಎಂದು ಅವ್ವನ ಅಂಗೈ ಹಲಗೆಯ ಮೇಲೆ ಬೀಳುತ್ತಿತ್ತು. ಪ್ರತಿಯೊಂದು ಏಟೂ ತನ್ನ ಮೇಲೆಯೇ ಬೀಳುತ್ತಿದೆ ಎಂಬಂತೆ ಗಿಳಿ ಪಂಜರದ ತುಂಬ ಬಿದ್ದಾಡುತ್ತಿತ್ತು. ಎದೆಯ ಮೇಲಿನ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿದಾಗ ಆಯಿ ಹೆದರಿದಳು. ಒಂದು ಬೆಳಿಗ್ಗೆ ಅವ್ವನಿಗೆ, ನಾಲ್ಕು ದಿನ ಅನ್ನ ಮಾಡು, ನುಚ್ಚು ಮಾಡು, ರೊಟ್ಟಿ ಬಿಡು ಎಂದುಬಿಟ್ಟಳು.

ಅವ್ವ ಕೈ ಒರೆಸಿಕೊಂಡು ಎದ್ದು ನಿಂತಳು. ಅವ್ವ ಜಗಳಗಂಟಿಯಲ್ಲ. ಆದರೆ ಅವಳ ರೊಟ್ಟಿಗೆ ಓಣಿಯಲ್ಲೇ ಹೆಸರಿತ್ತು. ಕಾಗದದಷ್ಟು ತೆಳ್ಳಗೆ, ಎತ್ತಿ ಹಿಡಿದರೆ ಬೆಳಕು ಕಾಣುವಂಥ ರೊಟ್ಟಿ. ಅದನ್ನು ಬಿಡು ಎನ್ನುವುದು ಅವಳಿಗೆ ತನ್ನನ್ನೇ ಬಿಡು ಎಂದಂತೆ.

“ಗಿಳಿ ಸಲುವಾಗಿ ನಾ ರೊಟ್ಟಿ ಬಿಡಬೇಕೇನ್ರಿ ಅತ್ತಿ? ಈ ಮನಿಗೆ ನಾ ಬಂದಾಗ ನನ್ನ ಸಲುವಾಗಿ ಯಾರು ಏನ್ ಬಿಟ್ರು?”

ಆ ದಿನ ಇಬ್ಬರೂ ಬೇರೆಬೇರೆ ಉಂಡರು. ಅಪ್ಪ ನಡುವೆ ಸಿಕ್ಕಿಕೊಂಡು, ಗಿಳಿಯನ್ನು ಹಾರಿಸಿಬಿಟ್ಟರೆ ಎಲ್ಲರಿಗೂ ಸುಖ ಎಂದ. ರೆಕ್ಕೆ ಕತ್ತರಿಸಿದ ಗಿಳಿ ಹಿತ್ತಲ ಗೋಡೆ ದಾಟುವುದರೊಳಗೆ ಬೆಕ್ಕಿನ ಪಾಲಾಗುತ್ತದೆ ಎಂದು ಆಯಿ ಹೇಳಿದಾಗ ಆ ಮಾತು ಕೈಬಿಟ್ಟ. ನಾನಾಗ ಏಳೋ ಎಂಟೋ ವರ್ಷದ ಹುಡುಗಿ. ಅವ್ವನ ಮಾತು ನನ್ನೊಳಗೆ ನಿಂತುಬಿಟ್ಟಿತು. ಅವ್ವ ಈ ಮನೆಗೆ ಹೊಸಬಳಾಗಿ ಬಂದಿದ್ದಳು ಎಂಬುದೇ ನನಗೆ ಅದುವರೆಗೆ ಹೊಳೆದಿರಲಿಲ್ಲ. ಅವಳು ಒಲೆಯ ಹಾಗೆ, ಹಂಡೆಯ ಹಾಗೆ, ಮನೆಯ ಜೊತೆಯಲ್ಲೇ ಕಟ್ಟಿದವಳು ಎಂದುಕೊಂಡಿದ್ದೆ.

ಮರುದಿನದಿಂದ ನಾನೊಂದು ಆಟ ಶುರುಮಾಡಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಮಧ್ಯಾಹ್ನ ಅವ್ವ, ಆಯಿ ಮಲಗಿದಾಗ ಪಂಜರದ ಹತ್ತಿರ ಹೋಗಿ, ಅದರ ಕಡೆ ನೋಡದೆ ಪಕ್ಕಕ್ಕೆ ಕುಳಿತು, ನನ್ನ ತೊಡೆಯ ಮೇಲೆ ಎರಡೇ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದೆ. ಕೇಳಿದರೆ ಕೇಳಿತು, ಇಲ್ಲವಾದರೆ ಇಲ್ಲ, ಅಷ್ಟು ಮೆಲ್ಲಗೆ. ತಟ್ಟಿ, ನೆನೆಸಿದ ಒಂದು ಕಡಲೆಕಾಳನ್ನು ಕಂಬಿಯ ಒಳಗೆ ಇಟ್ಟು ಎದ್ದು ಹೋಗುತ್ತಿದ್ದೆ. ಮೊದಮೊದಲು ಕಾಳು ಅಲ್ಲೇ ಒಣಗುತ್ತಿತ್ತು. ಆಮೇಲೊಂದು ದಿನ ನಾನು ತಿರುಗಿ ಬರುವುದರೊಳಗೆ ಸಿಪ್ಪೆ ಮಾತ್ರ ಉಳಿದಿತ್ತು. ನನಗೆ ಹುರುಪು ಬಂತು. ಎರಡು ಬೆರಳು ನಾಲ್ಕಾಯಿತು, ನಾಲ್ಕು ಬೆರಳು ಅಂಗೈಯಾಯಿತು, ತೊಡೆ ಬಿಟ್ಟು ನೆಲದ ಪರಸಿಕಲ್ಲಿನ ಮೇಲೆ ತಟ್ಟತೊಡಗಿದೆ. ನಡುವೆ ಒಮ್ಮೆ ದುಡುಕಿ ಹಲಗೆಯನ್ನೇ ತಂದು ಜೋರಾಗಿ ಬಡಿದುಬಿಟ್ಟೆ. ಗಿಳಿ ಮತ್ತೆ ಮೂಲೆ ಸೇರಿತು, ಬಹಳ ದಿನ ನನ್ನ ಕಾಳು ಮುಟ್ಟಲಿಲ್ಲ. ಆಗ ಅಳುತ್ತ ಕುಳಿತವಳನ್ನು ಆಯಿ ಕಂಡಳು. ತಾಯಿ ಸತ್ತ ಮರಿಯನ್ನು ಬೇರೆ ಕುರಿಯ ಹತ್ತಿರ ಬಿಡುವಾಗಲೂ ಹೀಗೇ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂದಳು. ನಾನು ಮತ್ತೆ ಎರಡು ಬೆರಳಿಗೇ ಇಳಿದೆ.

ಅವ್ವ ಇದನ್ನೆಲ್ಲ ಮಲಗಿದವಳಂತೆ ನಟಿಸುತ್ತ ಅರೆಗಣ್ಣಿನಿಂದ ನೋಡುತ್ತಿದ್ದಳು ಎಂದು ನನಗೆ ತಿಳಿದದ್ದು ನಂತರ. ಒಂದು ಮುಂಜಾನೆ ಅವಳು ರೊಟ್ಟಿ ಬಡಿಯಲು ಕುಳಿತವಳು, ಹಲಗೆಯ ಕೆಳಗೆ ಹಳೆಯ ಕೌದಿಯ ತುಂಡೊಂದನ್ನು ಮಡಚಿ ಹಾಕಿದಳು. ಸದ್ದು ಅರ್ಧಕ್ಕೆ ಇಳಿಯಿತು. ಆಯಿಯ ಕಡೆ ನೋಡಲಿಲ್ಲ. ಆಯಿ ಎದ್ದುಹೋಗಿ, ಅವ್ವನಿಗೆ ಸೇರುವ ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತ ಕುಳಿತಳು. ಗಿಳಿ ಕಂಬಿಯ ಮೇಲೆ ಅತ್ತಿತ್ತ ಸರಿದಾಡಿತು, ಆದರೆ ಬೀಳಲಿಲ್ಲ. ಕೌದಿಯ ತುಂಡು ದಿನದಿನಕ್ಕೆ ತೆಳ್ಳಗಾಗುತ್ತ ಹೋಗಿ, ಒಂದು ದಿನ ಇಲ್ಲವೇ ಇಲ್ಲ. ಅವ್ವ ಬಡಿಯುತ್ತಿದ್ದಳು, ದಿಲ್ಲಪ್ಪ ಆ ಲಯಕ್ಕೆ ತಲೆ ಕುಣಿಸುತ್ತಿದ್ದ. ಸುಟ್ಟ ರೊಟ್ಟಿಯ ಅಂಚನ್ನು ಅವ್ವ ಮೊದಲು ಅವನಿಗೇ ಮುರಿದುಕೊಡುವ ಪದ್ಧತಿ ಬಿತ್ತು. ಕೊಡಲು ತಡವಾದರೆ ಅವನು ಅವ್ವನನ್ನೇ ಗದರುತ್ತಿದ್ದ. ಮುಂದೆ ಎಷ್ಟೋ ವರ್ಷಕ್ಕೆ, ದೊಡ್ಡವಳಾದ ಮೇಲೆ, ನಾನು ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಸೇರಿದೆ. ಅಳುತ್ತ ಬಂದ ಮಗುವನ್ನು ಬಾ ಎಂದು ಎಳೆಯದೆ, ಅದರ ಪಕ್ಕಕ್ಕೆ ಕುಳಿತು ನನ್ನ ಪಾಡಿಗೆ ನಾನು ಪಾಟಿಯ ಮೇಲೆ ಚಿತ್ರ ಬರೆಯುತ್ತಿದ್ದೆ. ಮೇಲಿನವರು ಇದೆಂಥ ಪಾಠ ಎಂದು ನಗುತ್ತಿದ್ದರು. ನಾನು ಕಲಿತದ್ದು ಅದೇ ಒಂದು ವಿದ್ಯೆ.

ದಿಲ್ಲಪ್ಪ ಬಾಯಿ ಬಿಟ್ಟದ್ದು ಒಂದು ಸಂಜೆ. ಆ ದಿನಗಳಲ್ಲಿ ಅಪ್ಪನೂ ಒಂದು ಕಷ್ಟದಲ್ಲಿದ್ದ. ಅವನು ಓದಿದ್ದು, ಕಲಿಸಿದ್ದು ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಮಾತು ಕನ್ನಡವೇ, ಆದರೆ ಬರೆದು ರೂಢಿಯಿಲ್ಲ. ಈಗ ಶಾಲೆಗಳು ಕನ್ನಡಕ್ಕೆ ತಿರುಗುತ್ತಿದ್ದವು. ಹಗಲು ಶಾಲೆಯಲ್ಲಿ ಮಾಸ್ತರನಾದವನು ಸಂಜೆ ಪಡಸಾಲೆಯಲ್ಲಿ ನನ್ನ ಪಾಟಿಯ ಪಕ್ಕ ತನ್ನದೊಂದು ಪಾಟಿ ಇಟ್ಟುಕೊಂಡು ಒತ್ತಕ್ಷರ ತಿದ್ದುತ್ತಿದ್ದ. ನಾನು ಅವನ ತಪ್ಪು ತೋರಿಸಿದರೆ, ಮಾಸ್ತರಣಿಗೆ ಹೇಳುವಂತೆ, ಹೌದ್ರಿ ಬಾಯಿಯವ್ರ ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಹಾಗೆ ಇಬ್ಬರೂ ನಗುತ್ತ ಬರೆಯುತ್ತಿರುವಾಗ ಯಾರೋ ಬಾಗಿಲ ಚಿಲಕ ಅಲ್ಲಾಡಿಸಿದರು. ಒಳಗಿನಿಂದ ಬೀಬಿಯ ದನಿ ಬಂತು.

“ಕೌನ್ ಹೈ?”

“ನಾನs ಬೀಬಿ,” ಎಂದು ಆಯಿ ಹಿತ್ತಲಿನಿಂದ ಓಡಿಬಂದಳು. ಅಡುಗೆಮನೆಯ ನಡುವೆ ಬಂದು ನಿಂತವಳಿಗೆ ಕಂಡದ್ದು ದಿಲ್ಲಪ್ಪ ಮಾತ್ರ. ಅವನು ಕೊರಳು ಕೊಂಕಿಸಿ ಅವಳನ್ನೇ ನೋಡುತ್ತ ಮತ್ತೊಮ್ಮೆ, ಇನ್ನೂ ಗತ್ತಿನಿಂದ, ಕೌನ್ ಹೈ ಎಂದ. ಆಯಿ ನೆಲಕ್ಕೆ ಕುಸಿದು ಕುಳಿತು ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೀಬಿಯನ್ನು ನಾವು ಮತ್ತೆ ನೋಡಲಿಲ್ಲ. ಆದರೆ ಆಮೇಲೆ ಎಷ್ಟೋ ವರ್ಷ ನಮ್ಮ ಬಾಗಿಲಿಗೆ ಬಂದವರನ್ನು ಮೊದಲು ವಿಚಾರಿಸುತ್ತಿದ್ದವಳು ಅವಳೇ.

ಇಷ್ಟರಲ್ಲಿ ಅಪ್ಪನಿಗೆ ಯಾದಗಿರಿಗೆ ವರ್ಗವಾಯಿತು. ಕುರಿಗಳನ್ನು ಬೋನಾಳದಲ್ಲಿದ್ದ ಆಯಿಯ ತಮ್ಮನ ಹಿಂಡಿಗೆ ಸೇರಿಸಿದೆವು. ಎತ್ತಿನ ಗಾಡಿಯಲ್ಲಿ ಶಹಾಪುರದವರೆಗೆ ಬಂದು, ಅಲ್ಲಿ ಮನುಷ್ಯ ಮಲಗಿದಂತೆ ಕಾಣುವ ಗುಡ್ಡದ ಎದುರು ಬುತ್ತಿ ಬಿಚ್ಚಿ ಉಂಡೆವು. ಪಂಜರಕ್ಕೆ ಅಪ್ಪನ ಹಳೆಯ ಧೋತರ ಹೊದಿಸಿದ್ದೆವು. ನಾನು ದಾರಿಯುದ್ದಕ್ಕೂ ಒಂದು ಕೈಯನ್ನು ಅದರೊಳಗೆ ಇಟ್ಟುಕೊಂಡೇ ಇದ್ದೆ. ದಿಲ್ಲಪ್ಪ ನನ್ನ ಬೆರಳನ್ನು ಕೊಕ್ಕಿನಲ್ಲಿ ಕಚ್ಚದೆ, ಬಿಡದೆ ಹಿಡಿದುಕೊಂಡು ಬಂದ. ನಾನು ಬಿಟ್ಟರೆ ಇವನಿಗೆ ಇನ್ನಾರೂ ಇಲ್ಲ ಎಂದು ಆ ಪ್ರಯಾಣದಲ್ಲಿ ನನಗೆ ಪೂರ್ತಿ ಖಾತ್ರಿಯಾಯಿತು. ಅದು ಬಹಳ ರುಚಿಯಾದ ಭಾವನೆ.

ಯಾದಗಿರಿಯ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಎರಡೇ ಕೋಣೆ, ಮುಂದೊಂದು ಬೇವಿನ ಮರ. ರೈಲು ಬಂದರೆ ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಎನ್ನುತ್ತಿದ್ದವು. ಅವ್ವ ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಊರಿನವರ ಮಾತಿನಲ್ಲಿ ತೆಲುಗು ಸೇರಿಕೊಂಡಿರುತ್ತದೆ, ತನಗೆ ಅರ್ಥವಾಗುವುದಿಲ್ಲ ಎಂದು ನೆವ. ಅಪ್ಪ ನನ್ನನ್ನು ಹೊಸ ಶಾಲೆಗೆ ಸೇರಿಸುವಾಗ ಮಾಳವ್ವ ಎಂಬ ಹೆಸರನ್ನು ಮಾಲತಿ ಎಂದು ಬರೆಸಿಬಿಟ್ಟ. ಹಾಜರಿ ಕರೆಯುವಾಗ ಮಾಲತಿ ಎಂದರೆ ನಾನೂ ಬೇರೆಯವರಂತೆ ಹಿಂದೆ ತಿರುಗಿ ನೋಡುತ್ತಿದ್ದೆ. ಹುಡುಗಿಯರೆಲ್ಲ ನಗೆಯಾಡಿದರು. ಆಮೇಲೆ ನಾನು ಶಾಲೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟೆ. ಓಡಿಬಂದು ದಿಲ್ಲಪ್ಪನ ಪಂಜರದ ಹತ್ತಿರ ಕುಳಿತರೆ ಕತ್ತಲಾಗುವ ತನಕ ಏಳುತ್ತಿರಲಿಲ್ಲ. ರೈಲಿನ ಸದ್ದಿಗೆ ಅವನನ್ನು ಒಗ್ಗಿಸಬೇಕಲ್ಲ, ನನಗೆ ಪುರುಸೊತ್ತಿಲ್ಲ ಎಂದು ಆಯಿಗೆ ಹೇಳುತ್ತಿದ್ದೆ. ಆಯಿ ನನ್ನನ್ನು ಒಂದು ನಮೂನೆ ನೋಡುತ್ತಿದ್ದಳು.

ಬೀಬಿಯ ಮನೆಯಿಂದ ಬಂದ ಮೇಲೆ ದಿಲ್ಲಪ್ಪನ ರೆಕ್ಕೆ ಕತ್ತರಿಸುವ ನೆನಪು ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ. ಒಂದು ಮುಂಜಾನೆ ನಾನು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಾಗ, ಮಾಲುಗಾಡಿಯೊಂದು ಸ್ಟೇಷನ್ನಿನ ಹೊರಗೆ ನಿಂತು ಒಮ್ಮೆಲೆ ಸೀಟಿ ಹಾಕಿತು. ನನ್ನ ಹೆಗಲಿಗೆ ಉಗುರು ಕಚ್ಚಿದ್ದೊಂದು ಗೊತ್ತು. ದಿಲ್ಲಪ್ಪ ಬೇವಿನ ಮರದ ತುದಿಯಲ್ಲಿದ್ದ. ನಾನು ಕೂಗಿದೆ, ಕೈ ಚಾಚಿದೆ, ಮೆಣಸಿನಕಾಯಿ ತೋರಿಸಿದೆ. ಆಯಿ ತನ್ನ ಕುರಿ ಕರೆಯುವ ದನಿಯಲ್ಲಿ ಕರೆದಳು. ಎರಡನೆಯ ಸೀಟಿಗೆ ಅವನು ಮರ ಬಿಟ್ಟು ಮಾಳಿಗೆಗಳ ಮೇಲೆ ಹಾರಿ ಕಾಣದಾದ. ಅಪ್ಪ ಶಾಲೆಗೆ ಹೋಗಲೇಬೇಕಿತ್ತು, ಹೋದ. ಆಯಿ ಸ್ಟೇಷನ್ ಕಡೆ ಹುಡುಕಲು ಹೋದಳು. ನಾನು ಓಣಿಯಲ್ಲಿ ಒಂದೊಂದೇ ಮನೆಯ ಮಾಳಿಗೆ ನೋಡುತ್ತ ನಡೆದೆ. ಕೇಳಲು ಬಾಯಿ ಬರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದೆ. ಬೆಕ್ಕು ಕಂಡಲ್ಲೆಲ್ಲ ಅದರ ಬಾಯಿ ನೋಡುತ್ತಿದ್ದೆ.

ಓಣಿಯ ಕೊನೆಯ ಮನೆಯ ಅಂಗಳದಿಂದ ಬೀಬಿಯ ದನಿ ಕೇಳಿತು. ಕೌನ್ ಹೈ. ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ದೊಡ್ಡ ಮೈಕಟ್ಟಿನ ಹೆಂಗಸು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಮೊರದ ಅಂಚಿನ ಮೇಲೆ ದಿಲ್ಲಪ್ಪ ಕುಳಿತಿದ್ದ. ಅವಳು ಎತ್ತಿಕೊಟ್ಟ ಕಾಳನ್ನು ಒಂದು ಕಾಲಲ್ಲಿ ಹಿಡಿದು, ಕಣ್ಣು ಅರೆಮುಚ್ಚಿ, ನಿಧಾನವಾಗಿ ತಿನ್ನುತ್ತಿದ್ದ. ಅವನು ಬದುಕಿದ್ದಾನೆ ಎಂಬ ಸಂತೋಷ ನನಗೆ ಒಂದು ಗಳಿಗೆಯೂ ಪೂರ್ತಿ ಸಿಗಲಿಲ್ಲ. ನಾನಿಲ್ಲದೆ, ಗುರುತಿಲ್ಲದವರ ಕೈಯಿಂದ, ಇಷ್ಟು ಹಾಯಾಗಿ ಹೇಗೆ ತಿನ್ನುತ್ತಾನೆ? ಹೋಗಿ ಕೈ ಚಾಚಿದೆ. ಅವನು ನನ್ನನ್ನು ನೋಡಿ ಪ್ರೀತಿಯಿಂದಲೇ ತಲೆಯಾಡಿಸಿದ, ಆದರೆ ಬರಲಿಲ್ಲ. ಬೇಳೆ ಇನ್ನೂ ಉಳಿದಿತ್ತು. ನನಗೆ ಅಳು ಒತ್ತಿಕೊಂಡು ಬಂತು.

ಆ ಹೆಂಗಸು ಸಾಯಮ್ಮ. ಗುರುಮಿಠಕಲ್ ಕಡೆಯವಳು, ಗಂಡ ರೈಲ್ವೆಯಲ್ಲಿ ಹಳಿ ನೋಡುವವನು. ಅವಳು ನನ್ನ ಕಣ್ಣೀರು ನೋಡಿ ಮೊರವನ್ನು ಸ್ವಲ್ಪ ಆ ಕಡೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದಳು.

“ರಾ ಪಾಪಾ, ಕುಂದ್ರು. ಅವ ಹೊಟ್ಟಿ ತುಂಬಿದ್ ಮ್ಯಾಲ ಬರ್ತಾನ. ನೀ ಉಂಡಿಯಿಲ್ಲ?”

ಗಿಳಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಅದಕ್ಕೆ ಕುಳಿತೆ. ಹೆಸರು ಕೇಳಿದಳು. ಮಾಲತಿ ಎನ್ನಲೋ ಮಾಳವ್ವ ಎನ್ನಲೋ ತಿಳಿಯದೆ ಎರಡನ್ನೂ ಹೇಳಿದೆ. ಸಾಯಮ್ಮ ನಕ್ಕು, ತನಗೂ ತವರಿನಲ್ಲೊಂದು ಹೆಸರು, ಇಲ್ಲೊಂದು ಹೆಸರು, ಯಾವುದರಿಂದ ಕರೆದರೂ ಊಟಕ್ಕಂತೂ ಹೋಗುತ್ತೇನೆ ಎಂದಳು. ಬಿಸಿ ಅನ್ನಕ್ಕೆ ಎಣ್ಣೆ ಹಾಕಿ, ಕಣ್ಣಲ್ಲಿ ನೀರು ಬರುವಂಥ ಹುಣಸೆಚಿಗುರಿನ ಪಚ್ಚಡಿ ಕಲಸಿ ಕೊಟ್ಟಳು. ಆ ಖಾರದಲ್ಲಿ ಉಳಿದ ಅಳುವೂ ಹರಿದುಹೋಯಿತು. ಅಷ್ಟರಲ್ಲಿ ಮಧ್ಯಾಹ್ನದ ಬಿಡುವಿಗೆ ಶಾಲೆಯಿಂದ ಬಂದಿದ್ದ ಓಣಿಯ ಹುಡುಗಿಯರು ಗಿಳಿ ನೋಡಲು ಒಬ್ಬೊಬ್ಬರೇ ಬಂದರು. ಹಾಜರಿ ಕರೆಯುವಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಇದ್ದಳು, ಸಾಯಮ್ಮನ ಮಗಳು. ಅವಳು ದಿಲ್ಲಪ್ಪನನ್ನು ಹಿಡಿಯಲು ಕೈ ಹಾಕಿದಾಗ, ಹಾಂಗಲ್ಲ ಎಂದೆ. ಆ ಊರಿನಲ್ಲಿ ನಾನು ಅಷ್ಟು ಜೋರಾಗಿ ಆಡಿದ ಮೊದಲ ಮಾತು ಅದು. ಮುಖ ನೋಡಬಾರದು, ಪಕ್ಕಕ್ಕೆ ಕೂರಬೇಕು, ಕಾಳು ಇಟ್ಟು ಕಾಯಬೇಕು ಎಂದು ತೋರಿಸಿಕೊಟ್ಟೆ. ಐದಾರು ಹುಡುಗಿಯರು ದಿಲ್ಲಪ್ಪನ ಸುತ್ತ, ಅವನನ್ನು ನೋಡದವರಂತೆ ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ಕುಳಿತರು. ದಿಲ್ಲಪ್ಪ ಒಬ್ಬೊಬ್ಬರ ಮುಂದೆಯೂ ನಡೆದುಹೋಗಿ ಕಾಳು ವಸೂಲು ಮಾಡಿಕೊಂಡು ಬಂದ. ಇದಕ್ಕಾಗಿಯೇ ಅಲ್ಲವೇ ನಾನು ದಿನಾ ಮಧ್ಯಾಹ್ನ ತೊಡೆ ತಟ್ಟುತ್ತ ಕುಳಿತದ್ದು ಎಂದು ಆಗ ಹೊಳೆಯಿತು. ಹೊಟ್ಟೆಯೊಳಗಿನ ಉರಿ ಇಳಿದು, ಅದರ ಜಾಗದಲ್ಲಿ ಹೆಮ್ಮೆ ಬಂದು ಕುಳಿತಿತು.

ನನ್ನನ್ನು ಹುಡುಕುತ್ತ ಆಯಿ ಬಂದಳು. ಸಾಯಮ್ಮನಿಗೆ ಮೊಣಕಾಲು ನೋವು ಇದೆಯೆಂದು ತಿಳಿದದ್ದೇ ಅವಳ ಪಕ್ಕ ಕುಳಿತುಬಿಟ್ಟಳು. ನಮ್ಮಿಬ್ಬರನ್ನು ಹುಡುಕುತ್ತ ಅವ್ವ ಬಂದಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಬಾಗಿಲಲ್ಲೇ ನಿಂತು, ಮನೆ ತೆರೆದಿಟ್ಟು ಬಂದಿದ್ದೇನೆ, ಹೋಗಬೇಕು ಎಂದಳು. ಸಾಯಮ್ಮ ಆ ಹಿಟ್ಟಿನ ಕೈ ನೋಡಿ, ನನಗೆ ಅನ್ನ ಮಾಡಲು ಬರುತ್ತದೆ, ಜೋಳದ ರೊಟ್ಟಿ ಇಷ್ಟು ವರ್ಷವಾದರೂ ಹರಿದೇ ಹೋಗುತ್ತದೆ, ಒಂದು ತೋರಿಸಿ ಹೋಗು ಎಂದಳು. ಅವ್ವ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಿರುಗಿ ಬಂದಳು. ಒಂದು ಎಂದದ್ದು ಹನ್ನೆರಡಾಯಿತು. ಅವರ ಒಲೆಯ ಮುಂದೆ, ಅಕ್ಕಪಕ್ಕದಿಂದ ಬಂದು ಸೇರಿದ ನಾಲ್ಕು ಹೆಂಗಸರ ನಡುವೆ, ಅವ್ವ ರೊಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸುವಾಗ ನನ್ನ ಅವ್ವನಿಗೆ ಇಷ್ಟು ಮಾತು ಬರುತ್ತದೆಯೇ ಎಂದು ನನಗೆ ಬೆರಗು. ಅರ್ಥವಾಗದ ತೆಲುಗು ಎಲ್ಲಿ ಹೋಯಿತೋ.

ಬಿಸಿಲು ಇಳಿದ ಮೇಲೆ ಅಪ್ಪ ಶಾಲೆಯಿಂದ ಬಂದ. ಮನೆಯ ಬಾಗಿಲು ಹಾಕಿತ್ತು, ಮರದಲ್ಲಿ ಗಿಳಿ ಇರಲಿಲ್ಲ, ತಾಯಿ ಇರಲಿಲ್ಲ, ಹೆಂಡತಿ ಇರಲಿಲ್ಲ, ಮಗಳಿರಲಿಲ್ಲ. ಹೊಸ ಊರಿನಲ್ಲಿ ಯಾರನ್ನು ಕೇಳುವುದೆಂದು ಸಂಕೋಚಪಡುತ್ತ ಅವನು ಒಂದೊಂದೇ ಬಾಗಿಲಲ್ಲಿ ಕೆಮ್ಮಿ, ವಿಚಾರಿಸಿ, ಕೊನೆಗೆ ಆ ಅಂಗಳದ ಹೊಸ್ತಿಲಿಗೆ ಬಂದು ನಿಂತ. ಟೋಪಿ ಕೈಯಲ್ಲಿ ಹಿಡಿದಿದ್ದ.

“ನಮ್ಮ ಮನಿಯವರು ಇಲ್ಲೇನರ ಬಂದಾರೇನ್ರಿ?”

ಸಾಯಮ್ಮ ಒಲೆಯ ಮುಂದಿನಿಂದ ಏಳದೆ, ಒಂದು ತಾಟು ಎಳೆದು ಅದರಲ್ಲಿ ರೊಟ್ಟಿ ಹಾಕಿದಳು.

“ಎಲ್ಲಾರೂ ಬಂದಾರ್ರಿ ಮಾಸ್ತರ. ನೀವೊಬ್ಬರs ಬರೋದಿತ್ತು. ಕೈಕಾಲು ತೊಳಕೊಂಡು ಬರ್ರಿ.”